ಚರ್ಮದ ಕಾಲಂ

ಊಟದ ಮೇಜನ್ನು ನಡುಮನೆಯಿಂದ ಎತ್ತಿ ಪ್ಯಾಸೇಜಿಗೆ ತಳ್ಳಿದ ದಿನದಿಂದ ಆ ಮನೆಯಲ್ಲಿ ಯಾರೂ ಎದುರುಬದುರು ಕೂತು ಊಟ ಮಾಡಿರಲಿಲ್ಲ. ಬಸ್ಸಿಗೆ ಕಾದವರ ಹಾಗೆ ಗೋಡೆಗೆ ಮುಖ ಮಾಡಿ ಸಾಲಾಗಿ ಕೂತು ಉಣ್ಣಬೇಕು. ನಡುವೆ ಯಾರಾದರೂ ಬಚ್ಚಲಿಗೆ ಹೋಗಬೇಕೆಂದರೆ ಎಲ್ಲರೂ ತಟ್ಟೆ ಸಮೇತ ಎದ್ದು ಕುರ್ಚಿ ಎಳೆದುಕೊಳ್ಳಬೇಕು. ಮೇಜಿದ್ದ ಜಾಗಕ್ಕೆ ಈಗ ಮಾವನ ಮಂಚ ಬಂದಿತ್ತು. ಕಬ್ಬಿಣದ ಮಂಚ, ತಲೆಯ ಕಡೆ ಏರಿಸಿ ಇಳಿಸಲು ತಿರುಗಿಸುವ ಹಿಡಿ, ಕಾಲಿಗೆ ಚಕ್ರ, ಚಕ್ರಕ್ಕೆ ಬ್ರೇಕು.

ಮಾವ ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಓಡುವ ಬಸ್ಸಿನಲ್ಲಿ ಕಂಬ ಹಿಡಿಯದೆ ನಿಲ್ಲುತ್ತಿದ್ದ ಮನುಷ್ಯ. ಲಕ್ವ ಹೊಡೆದು ಎಡಗೈ, ಎಡಗಾಲು ಎರಡೂ ಸ್ವಾಧೀನ ತಪ್ಪಿದವು, ಮುಟ್ಟಿದ್ದು ಮಾತ್ರ ತಿಳಿಯುತ್ತಿತ್ತು. ಮಾತು ಉಳಿಯಿತು, ಆದರೆ ನಾಲಿಗೆ ಎಳೆದು ಎಳೆದು ಒಂದೊಂದೇ ಪದ ಹೊರಗೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡು ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತು ಹೇಳಿದ್ದರು: ಮನೆಯಲ್ಲಿ ಸರಿಯಾಗಿ ನೋಡಿಕೊಳ್ಳಲು ಆದರೆ ಇರಲಿ, ಆಗದಿದ್ದರೆ ಬಹುದಿನದ ರೋಗಿಗಳ ವಾರ್ಡ್ ಇದೆ, ಅಲ್ಲಿಗೆ ಸೇರಿಸಿ. ಆ ವಾರ್ಡಿನ ಮುಂದೆ ಸ್ಟ್ರೆಚರಿನಲ್ಲಿ ಹಾದುಹೋಗುವಾಗ ಒಳಗಿನ ಸಾಲು ಮಂಚಗಳನ್ನು ನೋಡಿದ್ದ ಮಾವ, ಮನೆಗೆ ಬಂದ ಮೇಲೆ ಮೊದಲು ಆಡಿದ ಮಾತೇ "ಅಲ್ಲಿಗೆ ಬೇಡ" ಎಂಬುದು.

ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಆಸ್ಪತ್ರೆಯಿಂದ ಸ್ಕೂಟರಿನಲ್ಲಿ ಒಬ್ಬ ಸಿಸ್ಟರ್ ಬರುತ್ತಿದ್ದರು. ದಪ್ಪ ಮೈ, ಚುರುಕು ಬಾಯಿ. ಮೊದಲ ದಿನವೇ ಮನೆಯವರನ್ನೆಲ್ಲ ಮಂಚದ ಸುತ್ತ ನಿಲ್ಲಿಸಿ ಪಾಠ ಮಾಡಿದರು. ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಿರಿ, ಬೆರಳ ಸಂದಿಯನ್ನೂ ಬಿಡಬೇಡಿ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ. ಹೊರಳಿಸುವ ಮೊದಲು ಬ್ರೇಕು ನೋಡಿ. ಬಿದ್ದುಹೋದ ಕೈ ಹಿಡಿದು ಎಳೆಯಲೇಬೇಡಿ, ಭುಜ ಕಳಚುತ್ತದೆ. ಕೆಳಗೆ ಅಡ್ಡವಾಗಿ ಹಾಸಿದ ದುಪ್ಪಟಿಯನ್ನು ಆ ಕಡೆ ಒಬ್ಬರು, ಈ ಕಡೆ ಒಬ್ಬರು ಹಿಡಿದು ಸರಿಸಿ. ಊಟ ಮಾಡಿಸುವಾಗ ತಲೆ ಎತ್ತರಿಸಿ, ಆಮೇಲೂ ಅರ್ಧ ಗಂಟೆ ಮಲಗಿಸಬೇಡಿ. ದಿನಾ ಮೈ ಒರೆಸುವಾಗ ಮೂಳೆ ಎದ್ದು ಕಾಣುವ ಕಡೆಯೆಲ್ಲ ನೋಡಿ: ಬೆನ್ನಿನ ಕೆಳಗೆ, ಸೊಂಟದ ಪಕ್ಕ, ಹಿಮ್ಮಡಿ. ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ. ಬಿಳಿಯಾಗಿ ಮತ್ತೆ ಕೆಂಪಾದರೆ ಸರಿ, ಒತ್ತಿದರೂ ಕೆಂಪು ಹೋಗದಿದ್ದರೆ ನನಗೆ ಫೋನ್ ಮಾಡಿ.

ಇಷ್ಟು ಹೇಳಿ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಐದು ಕಾಲಂ ಮಾಡಿದರು. ಊಟ, ನೀರು, ಮಗ್ಗುಲು, ಜ್ವರ, ಚರ್ಮ. ಯಾರ ಕೈಗೆ ಕೊಡುವುದೆಂದು ಸುತ್ತ ನೋಡಿ, ಕೊನೆಗೆ ಸೊಸೆಯ ಕೈಗೆ ಕೊಟ್ಟರು.

ಅತ್ತೆಯ ಮುಖ ಆಗಲೇ ಬಿಗಿಯಿತು. ಅಲ್ಲ, ಐವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿ ಕಣ್ಣ ಮುಂದೆ ನಿಂತಿರುವಾಗ ಪುಸ್ತಕ ಸೊಸೆಗೆ ಹೋದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಸಿಸ್ಟರ್ ಗೇಟು ದಾಟುವ ಮೊದಲೇ ಅತ್ತೆ ತೀರ್ಪು ಕೊಟ್ಟರು.

"ಬರೆಯೋದು ನೀನು ಬರ್ಕೋ. ಮೈ ತೊಳೆಯೋದು ನಾನು. ಅದಕ್ಕೆ ಬೇರೆ ಯಾರೂ ಕೈ ಹಾಕೋ ಹಾಗಿಲ್ಲ."

ಮಾವನೂ ಬಲಗೈ ಎತ್ತಿ ಹೌದೆಂದರು. ಸೊಸೆ ತನ್ನ ಮೈ ನೋಡುವುದು ಅವರಿಗೂ ಬೇಕಿರಲಿಲ್ಲ. ನಿಜ ಹೇಳಬೇಕೆಂದರೆ ಸೊಸೆಗೂ ಬೇಕಿರಲಿಲ್ಲ. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರ ತನಕ ಸ್ಕೂಲ್ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಗುಂಡಿ ಕಾಜಾ ಮಾಡಿ, ಬಂದು ಅಡುಗೆ ಮಾಡಿ, ಮೂರರ ಮಗ್ಗುಲು, ಐದರ ಮಗ್ಗುಲು ಬದಲಿಸುವವಳಿಗೆ ಒಂದು ಕೆಲಸ ಕಡಿಮೆಯಾದರೆ ಬೇಡವೆನ್ನುವಷ್ಟು ಹುಚ್ಚಿಲ್ಲ. ಅವಳು ನೆಮ್ಮದಿಯಾಗಿಯೇ ಒಪ್ಪಿಕೊಂಡಳು.

ಅತ್ತೆಯ ಕೈಯ ಮೇಲೆ ಆ ಮನೆಯಲ್ಲಿ ಎಲ್ಲರಿಗೂ ನಂಬಿಕೆ. ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಇಸ್ತ್ರಿ ಮಾಡಿದ ಕೈ ಅದು. ಅವರು ಹಾಸಿದ ಹಾಸಿಗೆಯ ಮೇಲೆ ಯಾರಾದರೂ ಒಂದು ಸುಕ್ಕು ಹುಡುಕಿ ತೆಗೆಯಲಿ ನೋಡೋಣ. ಅಂಗೈಯನ್ನು ಅಂಚಿನಿಂದ ಅಂಚಿಗೆ ಒಮ್ಮೆ ಸವರಿದರೆ ಬಟ್ಟೆ ಹೇಳಿದ ಹಾಗೆ ಕೇಳುತ್ತಿತ್ತು. ಎರಡನೆಯ ಸಲ ಬಂದ ಸಿಸ್ಟರ್ ಕೂಡ ದುಪ್ಪಟಿಯ ಮೇಲೆ ಕೈಯಾಡಿಸಿ, ನಮ್ಮ ಟ್ರೈನಿಂಗ್ ಹುಡುಗಿಯರನ್ನು ನಿಮ್ಮ ಹತ್ತಿರ ಕಳಿಸಬೇಕು ಎಂದು ಹೊಗಳಿದ್ದರು. ಆ ಹೊಗಳಿಕೆಯ ಮೇಲೆ ಅತ್ತೆ ನಾಲ್ಕು ದಿನ ಬದುಕಿದರು.

ದಿನಾ ಬೆಳಗ್ಗೆ ಏಳಕ್ಕೆ ಮಂಚದ ಸುತ್ತ ಪರದೆ ಎಳೆಯುತ್ತಿದ್ದರು. ಪರದೆ ಕಟ್ಟಿಕೊಟ್ಟವನು ಮಗ, ಲಿಫ್ಟ್ ಮೆಕ್ಯಾನಿಕ್. ತಂತಿ ಎಳೆಯುವುದರಲ್ಲಿ ಎತ್ತಿದ ಕೈ, ಮಗ್ಗುಲು ಬದಲಿಸುವ ಹೊತ್ತಿಗೆ ಮಾತ್ರ ಯಾವಾಗಲೂ ಎಲ್ಲೋ ಒಂದು ಲಿಫ್ಟ್ ಕೆಟ್ಟು ನಿಂತಿರುತ್ತಿತ್ತು. ಒಳಗೆ ಬಿಸಿನೀರಿನ ಬೇಸಿನ್ನು, ಹೊರಗೆ ಪುಸ್ತಕ ಹಿಡಿದ ಸೊಸೆ.

"ಅತ್ತೆ, ಚರ್ಮ ಹೇಗಿದೆ?"

"ಚೆನ್ನಾಗಿದೆ. ಮಗುವಿನ ಮೈ ಇದ್ದ ಹಾಗಿದೆ."

ಅವಳು 'ಸರಿ' ಎಂದು ಬರೆಯುತ್ತಿದ್ದಳು. ಬ್ಯಾಗು ಹೆಗಲಿಗೇರಿಸಿ ಅಂಗಡಿಗೆ ಓಡುತ್ತಿದ್ದಳು.

ಎರಡನೆಯ ಭೇಟಿಯಾದ ಮೇಲೆ ಒಂದು ವಾರ ಕಳೆದಿರಬೇಕು, ಮಾವ ಊಟ ಕಡಿಮೆ ಮಾಡಿದರು. ಬೇಯಿಸಿದ ಮೊಟ್ಟೆ ಅರ್ಧಕ್ಕೇ ಸಾಕೆನ್ನುವುದು, ಹಾಲು ಬೇಡವೆನ್ನುವುದು. ಬೆನ್ನ ಮೇಲೆ ಮಲಗಿಸಿದರೆ ಹಲ್ಲು ಕಚ್ಚುತ್ತಿದ್ದರು. ನೋವಾ ಎಂದು ಕೇಳಿದರೆ ತಲೆಯಾಡಿಸಿ ಇಲ್ಲವೆನ್ನುತ್ತಿದ್ದರು. ಅತ್ತೆ ಮಾತ್ರ, ಒಂದೇ ಕಡೆ ಬಿದ್ದುಕೊಂಡು ರಕ್ತ ಹೆಪ್ಪುಗಟ್ಟಿದೆ ಎಂದು ಹೇಳಿ ಸೊಂಟದ ಹಿಂದೆ ಎಣ್ಣೆ ಹಾಕಿ ಗಸಗಸ ತಿಕ್ಕತೊಡಗಿದರು. ಮಗ ತಾನೇನು ಕಡಿಮೆ ಎಂದು ಯಾರೋ ಹೇಳಿದ್ದನ್ನು ಕೇಳಿ ಗಾಳಿ ತುಂಬಿದ ರಬ್ಬರ್ ರಿಂಗ್ ತಂದು ಕೆಳಗಿಟ್ಟ. ಎಲ್ಲರೂ ಒಳ್ಳೆಯದನ್ನೇ ಮಾಡುತ್ತಿದ್ದರು.

ಒಂದು ಬೆಳಗ್ಗೆ ಸೊಸೆ ನೆನೆಹಾಕಲು ದುಪ್ಪಟಿ ಎತ್ತಿದಾಗ ನಡುವೆ ಒಂದು ಕಲೆ ಕಂಡಿತು. ರೂಪಾಯಿ ಅಗಲ, ನಡುವೆ ಹಳದಿ, ಅಂಚಿನಲ್ಲಿ ನಸುಗೆಂಪು.

"ಅತ್ತೆ, ಇದೇನಿದು?"

"ಏನು? ಅದಾ? ಹಾಲು ಚೆಲ್ಲಿತ್ತು."

ಹಾಲಿನ ಕಲೆ ಹೇಗಿರುತ್ತದೆಂದು ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಪರದೆ ಸರಿಸಿ ನೋಡಿಬಿಡಲೇ ಎಂದು ಸೊಸೆ ಒಂದು ಹೆಜ್ಜೆ ಇಟ್ಟಳು. ಗಡಿಯಾರ ಎಂಟೂ ಮುಕ್ಕಾಲು ತೋರಿಸುತ್ತಿತ್ತು. ಒಳಗೆ ಹೋದರೆ ಅತ್ತೆಯ ಜೊತೆ ಜಗಳ, ಮಾವನಿಗೆ ಮುಜುಗರ, ಅಂಗಡಿಗೆ ತಡ. ಕಲೆಯನ್ನು ಸೋಪಿನ ನೀರಿನಲ್ಲಿ ಅದ್ದಿದಳು. ಪುಸ್ತಕ ತೆಗೆದು ಆ ದಿನವೂ 'ಸರಿ' ಎಂದೇ ಬರೆದಳು.

ಸಿಸ್ಟರ್ ಬಂದದ್ದು ಮಾರನೆಯ ದಿನ. ಮಾವನನ್ನು ಪಕ್ಕಕ್ಕೆ ಹೊರಳಿಸಿ, ಬಟ್ಟೆ ಸರಿಸಿ ನೋಡಿದರು. ಆಮೇಲೆ ರಬ್ಬರ್ ರಿಂಗನ್ನು ಎಳೆದು ಬಾಗಿಲ ಕಡೆ ಎಸೆದರು. ಬೆನ್ನಿನ ಬುಡದಲ್ಲಿ ಚರ್ಮ ಕಿತ್ತು, ಒದ್ದೆಯಾದ ಕೆಂಪು ಮಾಂಸ ಕಾಣುತ್ತಿತ್ತು. ಸುತ್ತ ಅಂಗೈ ಅಗಲ ಕಪ್ಪುಗೆಂಪು. ಎಣ್ಣೆ ತಿಕ್ಕಿದ್ದು ಯಾರು ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮೂಳೆಯ ಮೇಲೆ ಸೋತ ಚರ್ಮವನ್ನು ತಿಕ್ಕಿದರೆ ಒಳಗಿಂದಲೇ ಹರಿಯುತ್ತದೆ, ರಿಂಗಿನ ಅಂಚು ಒತ್ತಿದರೆ ಸುತ್ತ ರಕ್ತ ಓಡುವುದೇ ನಿಲ್ಲುತ್ತದೆ ಎಂದರು. ಪುಸ್ತಕ ಕೇಳಿ ಪಡೆದು ಹಾಳೆ ತಿರುವಿದರು. ಸರಿ, ಸರಿ, ಸರಿ. ಹದಿಮೂರು ದಿನ ಒಂದೇ ಮಾತು.

"ಇದನ್ನ ನೋಡಿ ಬರೆದಿರೋದು ಯಾರು?"

ಅತ್ತೆ ದುಪ್ಪಟಿಯ ಅಂಚು ನೀವುತ್ತ ನಿಂತರು. ಮಗ ತಂದೆಯ ಕಡೆ ನೋಡಿದ. ಮಾವ ಗೋಡೆಯ ಕಡೆ ನೋಡಿದರು.

"ಬರೆದಿರೋದು ನಾನು," ಎಂದಳು ಸೊಸೆ. ನೋಡಿದ್ದು ಯಾರೆಂಬ ಪ್ರಶ್ನೆಗೆ ಅದು ಉತ್ತರವಲ್ಲವೆಂದು ಅವಳಿಗೆ ಗೊತ್ತಿತ್ತು.

ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಉಪ್ಪುನೀರಿನ ಬಾಟಲಿಯಿಂದ ಗಾಯ ತೊಳೆದು, ಡ್ರೆಸ್ಸಿಂಗ್ ಹಚ್ಚುವುದನ್ನು ಎರಡು ಸಲ ತೋರಿಸಿದರು. ಬೆನ್ನ ಮೇಲೆ ಮಲಗಿಸುವುದು ಬಂದ್, ಎಡಕ್ಕೆ ಬಲಕ್ಕೆ ಅರ್ಧ ಮಗ್ಗುಲು ಮಾತ್ರ. ಮೊಟ್ಟೆ, ಹಾಲು, ಬೇಳೆ ಏನಾದರೂ ಮಾಡಿ ತಿನ್ನಿಸಿ. ಎರಡು ವಾರ ನೋಡುತ್ತೇನೆ, ಗಾಯ ಚಿಕ್ಕದಾದರೆ ಸರಿ, ದೊಡ್ಡದಾದರೆ ವಾರ್ಡಿಗೆ ಸೇರಿಸಲು ನಾನೇ ಬರೆಯುತ್ತೇನೆ ಎಂದು ಹೇಳಿ ಹೋದರು. ವಾರ್ಡ್ ಎಂಬ ಮಾತು ಬಿದ್ದಾಗ ಮಾವನ ಬಲಗೈ ಮಂಚದ ಕಂಬಿಯನ್ನು ಹಿಡಿದುಕೊಂಡಿತು.

ಆ ರಾತ್ರಿಯ ಊಟ ಊಟವಾಗಲಿಲ್ಲ. ಮಗ ಗೋಡೆಗೆ ಮುಖ ಮಾಡಿಕೊಂಡೇ ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡ. ಪುಸ್ತಕ ನಿನ್ನ ಕೈಲಿತ್ತು, ಕಣ್ಣು ಎಲ್ಲಿಟ್ಟುಕೊಂಡಿದ್ದೆ, ಅಪ್ಪನನ್ನು ಸಾಯಿಸಬೇಕೆಂದಿದ್ದೀಯಾ ಎಂದೆಲ್ಲ ಕೂಗಿದ. ಅವಳು ಅನ್ನ ಕಲಸುತ್ತ ಕೂತಳು. ಕಾಲೇಜಿಗೆ ಹೋಗುವ ಅವಳ ಮಗಳಿಗೆ ತಡೆಯಲಾಗಲಿಲ್ಲ.

"ಅಪ್ಪ, ಪುಸ್ತಕದಲ್ಲಿ ಮಗ್ಗುಲು ಕಾಲಂ ಇದೆಯಲ್ಲ, ಅದರಲ್ಲಿ ನಿನ್ನ ಹೆಸರು ಎಷ್ಟು ಸಲ ಇದೆ ಲೆಕ್ಕ ಹಾಕ್ಲಾ?"

"ದೊಡ್ಡೋರ ಮಾತಿಗೆ ಅಡ್ಡ ಬರಬೇಡ."

"ಬೇಡ ಬಿಡು. ಲೆಕ್ಕ ಹಾಕೋಕೆ ಏನೂ ಇಲ್ಲ."

ಮಗ ತಟ್ಟೆ ತಳ್ಳಿ ಎದ್ದ. ಎದ್ದವನಿಗೆ ಹೋಗಲು ಜಾಗವಿಲ್ಲ, ಎಲ್ಲರೂ ಕುರ್ಚಿ ಎಳೆದುಕೊಳ್ಳುವ ತನಕ ಸಿಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ನಿಲ್ಲಬೇಕಾಯಿತು. ಇಷ್ಟೆಲ್ಲ ಆದ ಮೇಲೆ ಅತ್ತೆ, ನಾನು ಚೆನ್ನಾಗಿಯೇ ತೊಳೀತಿದ್ದೆ ಎಂದಷ್ಟೇ ಹೇಳಿದರು. ಆ ಮಾತಿಗೆ ಸೊಸೆಯ ಮೈ ಉರಿದುಹೋಯಿತು. ಕಣ್ಣೆದುರೇ ಇದ್ದ ಗಾಯವನ್ನು ಮುಚ್ಚಿಟ್ಟು, ಬೈಗುಳವನ್ನೆಲ್ಲ ತನಗೆ ದಾಟಿಸಿ, ಏನೂ ಆಗದವರಂತೆ ಮೊಸರನ್ನ ಉಣ್ಣುತ್ತಿದ್ದಾರಲ್ಲ ಎಂದುಕೊಂಡಳು.

ಆ ಉರಿ ಮಾರನೆಯ ಬೆಳಗ್ಗೆಯ ತನಕ ಇತ್ತು. ಅತ್ತೆ ಅಡುಗೆಮನೆಯಲ್ಲಿ ಮಾವನಿಗೆ ಹಾಲು ಬಗ್ಗಿಸುತ್ತಿದ್ದರು. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಎಡಗೈಯ ತೋರುಬೆರಳನ್ನು ಲೋಟದ ಒಳಗೆ ಇಳಿಬಿಟ್ಟು, ಬಿಸಿಹಾಲು ಬೆರಳಿಗೆ ತಾಗಿದ ಕೂಡಲೇ ಪಾತ್ರೆ ಎತ್ತಿದರು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಪಾತ್ರೆಯ ಮುಚ್ಚಳಕ್ಕಾಗಿ ಕಟ್ಟೆಯ ಮೇಲೆ ತಡವಿದರು. ಮುಚ್ಚಳ ಕಣ್ಣೆದುರೇ, ಒಂದು ಗೇಣು ದೂರದಲ್ಲಿ ಹೊಳೆಯುತ್ತಿತ್ತು. ಸೊಸೆಯ ಸಿಟ್ಟು ಅಲ್ಲೇ ನಿಂತುಹೋಯಿತು. ಅತ್ತೆ ಸುಳ್ಳು ಹೇಳಿರಲಿಲ್ಲ, ಗಾಯದ ಒದ್ದೆ ಅವರಿಗೆ ಎಣ್ಣೆಯ ಜಿಡ್ಡಾಗಿಯೇ ಸಿಕ್ಕಿರಬೇಕು. ಅವರ ಕೈಗೆ ಸುಕ್ಕು ಸಿಗುತ್ತಿತ್ತು, ಕೆಂಪು ಸಿಗುತ್ತಿರಲಿಲ್ಲ.

ಮಧ್ಯಾಹ್ನ ಅತ್ತೆ ಮೊಮ್ಮಗಳ ಕೈ ಹಿಡಿದು ತರಕಾರಿ ಅಂಗಡಿಗೆ ಹೋಗಿದ್ದರು. ಮೂರರ ಮಗ್ಗುಲಿನ ಹೊತ್ತು. ಸೊಸೆ ಕೈ ತೊಳೆದು ಬಂದು, ಬ್ರೇಕು ನೋಡಿ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಮಾವ, ನಿಮಗೆ ನೋವಾಗ್ತಿತ್ತು. ಯಾಕೆ ಹೇಳಲಿಲ್ಲ?"

ಅವರು ಬಲಗೈಯಿಂದ ದುಪ್ಪಟಿಯ ಅಂಚು ಸರಿಮಾಡಿಕೊಂಡರು.

"ಅತ್ತೆಗೆ ಕಣ್ಣು ಕಾಣಲ್ಲ. ಅದೂ ನಿಮಗೆ ಗೊತ್ತಿತ್ತು."

ಮಾವನ ತುಟಿ ಅಲುಗಿತು. ಮಾತು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. "ಎರಡು ವರ್ಷ," ಎಂದರು. "ಹೇಳಿದ್ರೆ... ಅವಳ ಕೆಲಸ... ಕಿತ್ಕೋತೀರಿ." ಮತ್ತೆ ಉಸಿರೆಳೆದುಕೊಂಡು, "ನಮಗೆ ಗೊತ್ತು ಅಂತ... ಅವಳಿಗೆ ತಿಳಿಯೋದು ಬೇಡ. ನಿನ್ನ ಗಂಡನಿಗೂ."

ಈ ಮನುಷ್ಯ ಹೆಂಡತಿಯ ಮಾನ ಉಳಿಸಲು ಹರಿದ ಚರ್ಮದ ಮೇಲೆ ಮಲಗಿದ್ದರು. ಇತ್ತ ತಾನು ಅಂಗಡಿಗೆ ತಡವಾಗುತ್ತದೆಂದು 'ಸರಿ' ಬರೆದಿದ್ದಳು. ಅವಳಿಗೆ ನಾಚಿಕೆಯಾಯಿತು.

"ಯಾರಿಗೂ ಹೇಳಲ್ಲ," ಎಂದಳು. "ಆದ್ರೆ ಇನ್ಮೇಲೆ ನಾನು ನೋಡ್ತೀನಿ. ನೋಡದೆ ಬರೆಯಲ್ಲ. ಒಪ್ಕೊಳ್ಳದಿದ್ರೆ ಈಗ್ಲೇ ಸಿಸ್ಟರ್‌ಗೆ ಫೋನ್ ಮಾಡಿ, ನನ್ನ ಕೈಲಿ ಆಗಲ್ಲ, ವಾರ್ಡಿಗೆ ಕರ್ಕೊಂಡ್ಹೋಗಿ ಅಂತೀನಿ."

ಮಾವ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನ ಮೂಲೆಯಿಂದ ನೀರು ಇಳಿಯಿತು. ಆಮೇಲೆ ಹೂಂ ಎಂದರು.

ಅವಳು ಅವರ ಬಲಗೈಗೆ ಕಂಬಿ ಹಿಡಿಸಿ, ಮೊಣಕಾಲು ಮಡಿಸಿ, ಭುಜ ಮತ್ತು ಸೊಂಟದ ಹಿಂದೆ ಕೈಯಿಟ್ಟು ತನ್ನ ಕಡೆಗೆ ಹೊರಳಿಸಿಕೊಂಡಳು. ಬೇಕಾದಷ್ಟು ಜಾಗ ಬಿಟ್ಟು ಉಳಿದುದಕ್ಕೆಲ್ಲ ಟವೆಲ್ ಹೊದಿಸಿದಳು. ಏನು ಮಾಡುತ್ತಿದ್ದೇನೆಂದು ಒಂದೊಂದನ್ನೂ ಮೊದಲು ಹೇಳಿ ಆಮೇಲೆ ಮಾಡಿದಳು. ಈಗ ಪ್ಲಾಸ್ಟರ್ ಬಿಚ್ತೀನಿ, ಈಗ ನೀರು ತಣ್ಣಗಿರುತ್ತೆ, ಈಗ ಒತ್ತುತ್ತೀನಿ. ಅಸಹ್ಯವಾಗುತ್ತದೆಂದು ಹೆದರಿದ್ದಳು, ಆಗಲಿಲ್ಲ. ಅದೊಂದು ಗಾಯವಾಗಿತ್ತು. ಅಗಲ ಎಷ್ಟು, ಒಸರುತ್ತಿದೆಯೇ, ವಾಸನೆ ಇದೆಯೇ ಎಂದು ನೋಡಿಕೊಂಡಳು.

ಪರದೆ ಸರ್ರನೆ ಸರಿಯಿತು. ಅತ್ತೆ ತರಕಾರಿ ಚೀಲ ಹಿಡಿದು ನಿಂತಿದ್ದರು. ಒಳಗಿದ್ದದ್ದು ಯಾರೆಂದು ತಿಳಿಯಲು ಕಣ್ಣು ಬೇಕಾಗಲಿಲ್ಲ, ಔಷಧದ ವಾಸನೆ ಸಾಕಾಗಿತ್ತು.

"ಯಾರನ್ನ ಕೇಳಿ ಕೈ ಹಾಕಿದೆ?"

"ಯಾರನ್ನೂ ಕೇಳಲಿಲ್ಲ ಅತ್ತೆ. ನಾನೇ ಹಾಕಿದೆ."

"ನಾನು ಬದುಕಿದೀನಿ ಇನ್ನೂ."

ಅತ್ತೆಗೆ ಕಣ್ಣಿನ ಮಾತು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಅವಳ ನಾಲಿಗೆಯ ತುದಿಗೆ ಬಂದಿತ್ತು. ಮಾವ ಅವಳ ಸೆರಗಿನ ಚುಂಗನ್ನು ಬಲಗೈಯಿಂದ ಹಿಡಿದುಕೊಂಡಿದ್ದರು. ಅವಳು ನುಂಗಿಕೊಂಡಳು.

ಅಂದಿನಿಂದ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಎರಡು ಅಡಿ ದೂರದಲ್ಲಿ ಕೂತಿದ್ದರೂ, ನಿಮ್ಮಮ್ಮನಿಗೆ ಹೇಳು ಅನ್ನ ತಣ್ಣಗಾಗ್ತಿದೆ ಅಂತ ಎಂದು ಮೊಮ್ಮಗಳಿಗೆ ಹೇಳುವುದು. ಅಮ್ಮ, ಅನ್ನ ತಣ್ಣಗಾಗ್ತಿದೆಯಂತೆ, ಅಂಚೆ ಬಂದಿದೆ, ಸಹಿ ಹಾಕು ಎಂದು ಅವಳು ತಲುಪಿಸುವುದು. ಹಾಸಿಗೆ ಹಾಸುವುದು, ಮುಖ ಕೈಕಾಲು ಒರೆಸುವುದು, ಬಾಯಿ ತೊಳೆಸುವುದು ಅತ್ತೆಯದು. ಬೆನ್ನು ಮಾತ್ರ ಸೊಸೆಯದು. ಅವಳು ಅಂಗಡಿಗೆ ಹೇಳಿ ಅರ್ಧ ಗಂಟೆ ತಡವಾಗಿ ಹೋಗಲು ಒಪ್ಪಿಸಿಕೊಂಡಳು. ಪುಸ್ತಕದ ಚರ್ಮದ ಕಾಲಮ್ಮಿನಲ್ಲಿ ಈಗ ಸಾಲುಗಳು ಬಂದವು: 'ಉದ್ದ ನಾಲ್ಕು ಸೆಂ.ಮೀ. ಸ್ವಲ್ಪ ಒಸರು. ವಾಸನೆ ಇಲ್ಲ.' 'ಬಲ ಸೊಂಟ ಕೆಂಪು, ಒತ್ತಿದರೆ ಬಿಳಿಯಾಗುತ್ತದೆ.' ಮಗಳ ನಾಲಿಗೆಗೆ ಹೆದರಿಯೋ, ತಂದೆಯ ಮೇಲಿನ ಮಮತೆಯಿಂದಲೋ, ಗಂಡನೂ ಬೆಳಗ್ಗೆ ಐದರ ಮಗ್ಗುಲು ತನ್ನದೆಂದು ಒಪ್ಪಿಕೊಂಡ. ಮೊದಲ ದಿನ ಅಭ್ಯಾಸಬಲದಿಂದ ಕಂಕುಳಿಗೆ ಕೈ ಹಾಕಿ ಎತ್ತಲು ಹೋಗಿ ಮಗಳಿಂದ ಮಂಗಳಾರತಿ ಮಾಡಿಸಿಕೊಂಡ, ಆಮೇಲೆ ದುಪ್ಪಟಿಯ ತುದಿ ಹಿಡಿಯಲು ಕಲಿತ. ಮಾವ ಇಡೀ ಮೊಟ್ಟೆ ತಿಂದರು.

ಹದಿನಾಲ್ಕನೆಯ ದಿನ ಸಿಸ್ಟರ್ ಬಂದಾಗ ಮಗ ಕೆಲಸಕ್ಕೆ ಹೋಗದೆ ಉಳಿದಿದ್ದ. ಎಲ್ಲರೂ ಮಂಚದ ಸುತ್ತ ನಿಂತರು. ಅತ್ತೆ ಮಾತ್ರ ಅಡುಗೆಮನೆಯ ಬಾಗಿಲು ಬಿಟ್ಟು ಈಚೆ ಬರಲಿಲ್ಲ. ಸಿಸ್ಟರ್ ಅಳೆದರು, ಪುಸ್ತಕ ಓದಿದರು, ಮತ್ತೆ ಅಳೆದರು. ಅರ್ಧಕ್ಕರ್ಧ ಕಮ್ಮಿಯಾಗಿದೆ ಎಂದರು. ವಾರ್ಡಿನ ಮಾತು ಸದ್ಯಕ್ಕೆ ಬೇಡ, ಹೀಗೇ ನೋಡಿಕೊಳ್ಳಿ. ಹೊಸ ಡ್ರೆಸ್ಸಿಂಗ್ ಹಚ್ಚಿ ಕೈ ತೊಳೆಯಲು ಹೋದರು. ಸೊಸೆ ಸ್ಟೂಲಿನ ಮೇಲೆ ಕೂತಳು.

ಖುಷಿಗೆ ಮಗನಿಗೆ ತಲೆ ನಿಲ್ಲಲಿಲ್ಲ. "ಅಮ್ಮ, ಬಾ ಇಲ್ಲಿ. ನೀನೂ ನೋಡು ಬಾ," ಎಂದು ತಾಯಿಯ ರಟ್ಟೆ ಹಿಡಿದು ಕರೆತಂದ.

ಅತ್ತೆ ಮಂಚದ ಮೇಲೆ ಬಗ್ಗಿದರು. ತಲೆಯನ್ನು ಅತ್ತ ಇತ್ತ ವಾಲಿಸಿ ನೋಡಿದರು.

"ಹೌದೌದು. ಕೆಂಪೆಲ್ಲ ಹೋಗಿದೆ. ಗಾಯದ ಬಾಯಿ ಚಿಕ್ಕದಾಗಿದೆ," ಎಂದರು.

ಅಲ್ಲಿ ಗಾಯ ಕಾಣುತ್ತಿರಲಿಲ್ಲ. ಅಂಗೈ ಅಗಲದ ಬಿಳಿ ಡ್ರೆಸ್ಸಿಂಗ್ ಅಂಟಿಸಿತ್ತು.

ಮಗನ ಕೈ ತಾಯಿಯ ರಟ್ಟೆಯ ಮೇಲೆ ಹಾಗೇ ಉಳಿಯಿತು. ಟವೆಲಿನಲ್ಲಿ ಕೈ ಒರೆಸುತ್ತ ಬಂದ ಸಿಸ್ಟರ್ ಅಲ್ಲೇ ನಿಂತರು. ಆ ಮೌನದಿಂದಲೇ ಅತ್ತೆಗೆ ತಿಳಿಯಿತು. ಕೈ ಚಾಚಿ ಮೆಲ್ಲಗೆ ಮುಟ್ಟಿದರು. ಬೆರಳಿಗೆ ಬಟ್ಟೆ ಸಿಕ್ಕಿತು.

"ಕಾಣಲ್ಲ ನಂಗೆ," ಎಂದರು. ಯಾರ ಕಡೆಗೂ ತಿರುಗಲಿಲ್ಲ. "ಬೆಳಕು ಗೊತ್ತಾಗುತ್ತೆ, ಆಕಾರ ಗೊತ್ತಾಗುತ್ತೆ. ಇಷ್ಟೇ."

ಪೊರೆ ಇರಬಹುದು, ತೋರಿಸೋಣ, ಬಹಳ ಜನಕ್ಕೆ ಸರಿಹೋಗುತ್ತದೆ ಎಂದು ಸಿಸ್ಟರ್ ಏನೋ ಹೇಳುತ್ತಿದ್ದರು. ಅತ್ತೆಯ ಕಿವಿಗೆ ಅದು ಬೀಳಲಿಲ್ಲ. ಅವರು ಗಂಡನ ಮುಖದ ಹತ್ತಿರಕ್ಕೆ ಬಗ್ಗಿದ್ದರು.

"ರೀ. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಎಣ್ಣೆ ಹಾಕಿ ತಿಕ್ಕಿದ್ದು ಗಾಯದ ಮೇಲಾ?"

ಮಾವ ಬಲಗೈ ಚಾಚಿ ಅವರ ಕೈ ಹಿಡಿದುಕೊಂಡರು.

"ಅಷ್ಟು ನೋವು ತಿಂದ್ಕೊಂಡು ಸುಮ್ನೆ ಬಿದ್ದಿದ್ರಾ? ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ನೀನೇ ತೊಳೀಲಿ... ಅಂತ," ಎಂದರು ಮಾವ.

ಅತ್ತೆ ಅತ್ತರು. ಮದುವೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಸೊಸೆ ಅವರು ಅತ್ತದ್ದನ್ನು ನೋಡಿರಲಿಲ್ಲ. ಗಂಡನನ್ನು ಬೈಯುತ್ತಲೇ ಅತ್ತರು, ಹುಚ್ಚ ಮುಂಡೇದು ಎಂದು ಬೈದರು, ಅವರ ಬಲಗೈಯನ್ನು ಎದೆಗೆ ಒತ್ತಿಕೊಂಡೇ ಬೈದರು. ಸಿಸ್ಟರ್ ಬ್ಯಾಗು ಎತ್ತಿಕೊಂಡು, ಯಾರಿಗೂ ಹೇಳದೆ ಹೊರಗೆ ಹೋಗಿ ಸ್ಕೂಟರ್ ಸ್ಟಾರ್ಟ್ ಮಾಡಿದರು.

ಮಾರನೆಯ ಬೆಳಗ್ಗೆ ಏಳಕ್ಕೆ ಅತ್ತೆ ಬೇಸಿನ್ನಿಗೆ ಬಿಸಿನೀರು ಹಾಕಿ, ಮೊಣಕೈ ಅದ್ದಿ ಹದ ನೋಡಿ, ಮಂಚದ ಹತ್ತಿರ ಬಂದರು. ಪುಸ್ತಕ ಹಿಡಿದು ಪ್ಯಾಸೇಜಿನಲ್ಲಿ ನಿಂತಿದ್ದ ಸೊಸೆಗೆ, "ಅಲ್ಲೇನು ನಿಂತಿದೀಯ, ಒಳಗೆ ಬಾ," ಎಂದರು. ಎರಡು ವಾರದ ಮೇಲೆ ನೇರವಾಗಿ ಆಡಿದ ಮೊದಲ ಮಾತು. ಗಂಡನಿಗೂ ಒಂದು ತಾಕೀತು ಇತ್ತು.

"ನೋಡಿ, ಇವತ್ತಿಂದ ನೋವಾದ್ರೆ ಬಾಯಿಬಿಟ್ಟು ಹೇಳ್ಬೇಕು. ಹಲ್ಲು ಕಚ್ಕೊಂಡು ಮಲಗಿದ್ರೆ ನಾನೇ ವಾರ್ಡಿಗೆ ಕಳಿಸ್ತೀನಿ."

ಒದ್ದೆ ಬಟ್ಟೆ ಭುಜದಿಂದ ಕೆಳಗಿಳಿಯಿತು. ಬೆನ್ನು, ಸೊಂಟ, ತೊಡೆ. ಗಾಯದ ಹತ್ತಿರ ಬಂದಾಗ ಸೊಸೆ ಅತ್ತೆಯ ಮಣಿಕಟ್ಟು ಹಿಡಿದು ಸುತ್ತು ಹಾಕಿಸಿದಳು. ಬಟ್ಟೆ ಎಡ ಹಿಮ್ಮಡಿಗೆ ತಲುಪಿತು.

"ನೋವು," ಎಂದರು ಮಾವ, ದೊಡ್ಡದಾಗಿ, ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಹಾಗೆ.

ಅತ್ತೆಯ ಕೈ ಅಲ್ಲೇ ನಿಂತಿತು. ಸೊಸೆ ಬಗ್ಗಿ ನೋಡಿದಳು. ಕಡಲೆಯಷ್ಟು ಕೆಂಪು. ಬೆರಳಿನಿಂದ ಒತ್ತಿದಳು, ಬಿಳಿಯಾಯಿತು, ಮತ್ತೆ ಕೆಂಪಾಯಿತು. ಏನೂ ಆಗಿಲ್ಲ ಅತ್ತೆ, ಒತ್ತಡ ಬಿದ್ದಿದೆ ಅಷ್ಟೇ, ದಿಂಬು ಸ್ವಲ್ಪ ಮೇಲಕ್ಕಿಡಿ ಎಂದಳು. ಅತ್ತೆ ದಿಂಬನ್ನು ಮೀನಖಂಡದ ಕೆಳಗೆ ತಳ್ಳಿ, ಹಿಮ್ಮಡಿ ಹಾಸಿಗೆಗೆ ತಾಗದೆ ನಿಂತಿದೆಯೇ ಎಂದು ಅಂಗೈ ತೂರಿಸಿ ನೋಡಿಕೊಂಡರು. ಆಮೇಲೆ ಗಂಡನ ಕಡೆ ತಿರುಗಿ, ಇನ್ನೆಲ್ಲಿ ನೋಯುತ್ತದೆ ಹೇಳಿ ಎಂದು ಕೇಳಿದರು.